ಒಂದು ಹಾಡು, ಒಂದು ಅಂಚೆ ಕಾರ್ಡು

1961ರ ಆಗಸ್ಟ್ 30. ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಆಕ್ರಾದ ವಿಮಾನ ನಿಲ್ದಾಣದಲ್ಲಿ ಅಮೆರಿಕದಿಂದ ಬಂದ ವಿಮಾನವೊಂದು ಇಳಿಯಿತು. ಅದರೊಳಗಿಂದ 51 ಮಂದಿ ಸ್ವಯಂಸೇವಕರು ಹೊರಬಂದರು. ಅವರಲ್ಲಿ ಹೆಚ್ಚಿನವರು ಆಗತಾನೆ ಕಾಲೇಜು ಮುಗಿಸಿದ ತರುಣ ತರುಣಿಯರು. ಸ್ವಾಗತಿಸಲು ಬಂದವರ ಮುಂದೆ ಎಲ್ಲರೂ ಒಟ್ಟಾಗಿ ನಿಂತು ಒಂದು ಹಾಡು ಹಾಡಿದರು. ಅದು ಇಂಗ್ಲಿಷ್ ಹಾಡಲ್ಲ. ಘಾನಾದ ಎಫ್ರೇಮ್ ಆಮು ಎಂಬ ಸಂಗೀತಗಾರರು ರಚಿಸಿದ, ಆ ನಾಡಿನ ಶಾಲಾ ಮಕ್ಕಳಿಗೆಲ್ಲ ಗೊತ್ತಿದ್ದ ದೇಶಭಕ್ತಿ ಗೀತೆ. ಅತಿಥಿಗಳು ಅದನ್ನು ಅಲ್ಲಿನ ಟ್ವಿ ಭಾಷೆಯಲ್ಲೇ ಕಲಿತು ಬಂದಿದ್ದರು.

ಉಚ್ಚಾರಣೆಯಲ್ಲಿ ಒಂದೆರಡು ತಪ್ಪುಗಳಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ಕೇಳಿದವರಿಗೆ ಅದು ಮುಖ್ಯವಾಗಿರಲಿಲ್ಲ. ಘಾನಾ ಬ್ರಿಟಿಷರಿಂದ ಸ್ವತಂತ್ರವಾಗಿ ಆಗಿನ್ನೂ ನಾಲ್ಕು ವರ್ಷ ಕಳೆದಿತ್ತಷ್ಟೆ. ಅಲ್ಲಿಯವರೆಗೆ ಹೊರಗಿನಿಂದ ಬಂದ ಬಿಳಿಯರಲ್ಲಿ ಬಹಳ ಮಂದಿ ಆಳಲು ಬಂದವರು, ಇಲ್ಲವೇ ವ್ಯಾಪಾರಕ್ಕೆ ಬಂದವರು. ತಮ್ಮ ಭಾಷೆಯಲ್ಲಿ ತಮ್ಮ ನೆಲದ ಹಾಡನ್ನು ಹಾಡುತ್ತ ಬಂದವರನ್ನು ಆ ಜನ ಕಂಡದ್ದು ಅಪರೂಪ.

ಆ 51 ಮಂದಿ 'ಪೀಸ್ ಕೋರ್', ಅಂದರೆ ಶಾಂತಿ ದಳದ ಮೊಟ್ಟಮೊದಲ ತಂಡಕ್ಕೆ ಸೇರಿದವರು. ಪರದೇಶದಲ್ಲಿ, ಗುರುತು ಪರಿಚಯವಿಲ್ಲದ ಜನರ ನಡುವೆ ಎರಡು ವರ್ಷ ಬದುಕಿ ಪಾಠ ಹೇಳಬೇಕಾದವರು. ಇಂಥವರ ಮೊದಲ ದಿನಗಳು ಹೇಗಿರುತ್ತವೆ? ಎಲ್ಲಿ ಗೆಲುವಾಗುತ್ತದೆ, ಎಲ್ಲಿ ಎಡವಟ್ಟಾಗುತ್ತದೆ? ಓದಿಗಾಗಿ, ಉದ್ಯೋಗಕ್ಕಾಗಿ, ಸೇವೆಗಾಗಿ ನಮ್ಮ ಮಕ್ಕಳೂ ದೂರದ ನಾಡುಗಳಿಗೆ ಹೊರಡುತ್ತಿರುವ ಈ ಕಾಲದಲ್ಲಿ ಆ ಕಥೆಯನ್ನು ತಿಳಿಯುವುದು ಒಳ್ಳೆಯದು.

ರಾತ್ರಿ ಎರಡು ಗಂಟೆಯ ಪ್ರಶ್ನೆ

ಇದರ ಬೀಜ ಬಿದ್ದದ್ದು 1960ರ ಅಕ್ಟೋಬರ್ 14ರ ನಡುರಾತ್ರಿ. ಆಗ ಜಾನ್ ಎಫ್. ಕೆನಡಿ ಅಧ್ಯಕ್ಷ ಪದವಿಯ ಅಭ್ಯರ್ಥಿ. ಚುನಾವಣಾ ಪ್ರವಾಸದಲ್ಲಿದ್ದ ಅವರು ಮಿಷಿಗನ್ ವಿಶ್ವವಿದ್ಯಾನಿಲಯ ತಲುಪುವಾಗ ರಾತ್ರಿ ಎರಡು ಗಂಟೆ. ಆದರೂ ಸಾವಿರಾರು ವಿದ್ಯಾರ್ಥಿಗಳು ಕಾದಿದ್ದರು. ಕಟ್ಟಡದ ಮೆಟ್ಟಿಲ ಮೇಲೆ ನಿಂತು ಕೆನಡಿ ಕೆಲವೇ ನಿಮಿಷ ಮಾತಾಡಿದರು. ಮುಂದೆ ವೈದ್ಯರಾಗಲಿರುವ ನಿಮ್ಮಲ್ಲಿ ಎಷ್ಟು ಮಂದಿ ಘಾನಾದಲ್ಲಿ ಕೆಲಸ ಮಾಡಲು ಸಿದ್ಧರಿದ್ದೀರಿ ಎಂದು ಕೇಳಿದರು. ಆ ಪ್ರಶ್ನೆ ವಿದ್ಯಾರ್ಥಿಗಳ ಮನಸ್ಸಿಗೆ ನಾಟಿತು. ಅವರು ಸಹಿ ಸಂಗ್ರಹಕ್ಕೆ ತೊಡಗಿದರು. ಕೆನಡಿ ಗೆದ್ದು ಬಂದ ಮೇಲೆ 1961ರ ಮಾರ್ಚ್ 1ರಂದು ಪೀಸ್ ಕೋರ್ ಸ್ಥಾಪನೆಯ ಆದೇಶಕ್ಕೆ ಸಹಿ ಬಿತ್ತು. ಅವರ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್ ಅದರ ಮೊದಲ ನಿರ್ದೇಶಕರಾದರು.

ಅತ್ತ ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಅವರಿಗೆ ಶಿಕ್ಷಕರು ಬೇಕಾಗಿದ್ದರು. 1961ರಲ್ಲೇ ಆ ದೇಶ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಪ್ರೌಢಶಾಲೆಗಳೂ ಬೆಳೆಯುತ್ತಿದ್ದವು. ಆದರೆ ಗಣಿತ, ವಿಜ್ಞಾನ ಕಲಿಸಬಲ್ಲ ಪದವೀಧರರ ಕೊರತೆಯಿತ್ತು. ಬರುವವರು ಗೂಢಚಾರರಾಗಿರಬಹುದೆಂಬ ಅನುಮಾನ ಎನ್‌ಕ್ರೂಮಾ ಅವರಿಗೆ ಇಲ್ಲದಿರಲಿಲ್ಲ. ಆದರೂ ಶಿಕ್ಷಕರು ಬರಲಿ ಎಂದು ಒಪ್ಪಿಕೊಂಡರು. ಅನುಮಾನವೂ ಅಗತ್ಯವೂ ಜೊತೆಯಲ್ಲೇ ಇದ್ದ ಮನೆಗೆ ಅತಿಥಿಗಳಾಗಿ ಹೋಗುವ ಸ್ಥಿತಿ ಆ ತರುಣರದಾಗಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವರಿಗೆ ತರಬೇತಿ ನಡೆಯಿತು. ಘಾನಾದ ಚರಿತ್ರೆ, ಭಾಷೆ, ಆರೋಗ್ಯದ ಪಾಠಗಳಾದವು. ಹಾಡು ಆ ತಯಾರಿಯ ಒಂದು ಭಾಗ.

ಹುಟ್ಟಿದ ವಾರವೇ ಹೆಸರು

ಹೊಸ ನಾಡಿಗೆ ಹೋದವರಿಗೆ ಮೊದಲ ದಿನವೇ ಎದುರಾಗುವುದು ದೊಡ್ಡ ಸಮಸ್ಯೆಗಳಲ್ಲ, ಸಣ್ಣ ಪುಟ್ಟ ಸಂಗತಿಗಳು. ಘಾನಾದ ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರಿರುತ್ತದೆ. ಸೋಮವಾರ ಹುಟ್ಟಿದ ಗಂಡು ಮಗು ಕೊಜೊ, ಗುರುವಾರ ಹುಟ್ಟಿದವನು ಯಾವ್, ಶುಕ್ರವಾರದವನು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು. ಎನ್‌ಕ್ರೂಮಾ ಶನಿವಾರ. ಹೊಸಬರು ಬಂದಾಗ 'ನೀವು ಹುಟ್ಟಿದ್ದು ಯಾವ ವಾರ?' ಎಂದು ಅಲ್ಲಿನವರು ಕೇಳುವುದುಂಟು. ಉತ್ತರ ಹೇಳಿದರೆ ನಿಮಗೂ ಒಂದು ಹೆಸರು ಸಿಕ್ಕಿತು, ಅವರಿಗೂ ಕರೆಯಲು ಸುಲಭವಾಯಿತು.

ಇನ್ನೊಂದು ಸಂಗತಿ ನಮಗೆ ಚೆನ್ನಾಗಿ ಅರ್ಥವಾಗುವಂಥದು. ಘಾನಾದಲ್ಲಿ ಎಡಗೈಯಿಂದ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಅಮೆರಿಕದ ಹುಡುಗನಿಗೆ ಎರಡು ಕೈಯೂ ಒಂದೇ. ಎಡಗೈಯಿಂದ ಹಣ ಚಾಚಿದರೆ ಅಂಗಡಿಯಾಕೆ ಮುಖ ಗಂಟಿಕ್ಕುತ್ತಾಳೆ, ಯಾಕೆಂದು ಅವನಿಗೆ ತಿಳಿಯದು. ನಮ್ಮ ಮನೆಗಳಲ್ಲಿ ಅಜ್ಜಿಯಿಂದ 'ಬಲಗೈಲಿ ಕೊಡೋ' ಎಂದು ಬೈಸಿಕೊಂಡು ಬೆಳೆದ ಮಕ್ಕಳಿಗೆ ಆ ಮಟ್ಟಿಗೆ ಘಾನಾ ಪರದೇಶವಲ್ಲ.

ಪಶ್ಚಿಮ ಆಫ್ರಿಕದ್ದೇ ಆದ ನೈಜೀರಿಯಾದ ಯೊರುಬಾ ಜನರಲ್ಲಿ ವಂದನೆಗೆ ಬಹಳ ಮಹತ್ವ. ಬೆಳಿಗ್ಗೆಗೆ ಒಂದು ಮಾತು, ಸಂಜೆಗೆ ಒಂದು ಮಾತು. ಕೆಲಸ ಮಾಡುತ್ತಿರುವವರನ್ನು ಹಾದುಹೋಗುವಾಗ 'ಎ ಕು ಇಶೆ' ಎಂದು ಆ ಕೆಲಸಕ್ಕೇ ವಂದನೆ ಹೇಳುತ್ತಾರೆ. ಕಿರಿಯರು ಹಿರಿಯರ ಮುಂದೆ ಮಂಡಿಯೂರುವುದು, ಸಾಷ್ಟಾಂಗ ನಮಸ್ಕಾರ ಮಾಡುವುದು ಅಲ್ಲಿನ ಸಂಪ್ರದಾಯ. ಏನೂ ಹೇಳದೆ ಸರಸರ ನಡೆದುಹೋಗುವ ಹೊಸಬ, ಅವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ, ಸೊಕ್ಕಿನವನಾಗಿ ಕಾಣುತ್ತಾನೆ.

ಬಿದ್ದುಹೋದ ಕಾರ್ಡು

ಆಕ್ರಾದ ಹಾಡು ಮುಗಿದು ಒಂದೂವರೆ ತಿಂಗಳಾಗಿತ್ತು. ನೈಜೀರಿಯಾದ ಇಬಾದಾನ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಪೀಸ್ ಕೋರ್‌ನ ಮತ್ತೊಂದು ತಂಡ ತರಬೇತಿಯಲ್ಲಿತ್ತು. ಅದರಲ್ಲಿ 23 ವರ್ಷದ ಒಬ್ಬ ತರುಣಿಯಿದ್ದಳು. ಓದಿನಲ್ಲಿ ಮುಂದು, ಒಳ್ಳೆಯ ಶಿಕ್ಷಕಿಯಾಗುವ ಲಕ್ಷಣಗಳಿದ್ದವಳು. ಅಕ್ಟೋಬರ್ 13ರಂದು ಅವಳು ತನ್ನ ದೇಶದ ಗೆಳೆಯನಿಗೆ ಒಂದು ಅಂಚೆ ಕಾರ್ಡು ಬರೆದಳು. ಇಲ್ಲಿನ ಕೊಳಕು ಮತ್ತು ತೀರ ಹಿಂದುಳಿದ ಬದುಕನ್ನು ನೋಡಲು ನಾವು ಸಿದ್ಧರಾಗಿರಲಿಲ್ಲ, ಜನ ಬೀದಿಯಲ್ಲೇ ಅಡುಗೆ ಮಾಡುತ್ತಾರೆ, ಬೀದಿಯಲ್ಲೇ ಮಾರುತ್ತಾರೆ, ಬೀದಿಯಲ್ಲೇ ಬದುಕುತ್ತಾರೆ ಎಂಬುದು ಅದರ ಸಾರಾಂಶ.

ಆ ಕಾರ್ಡು ಅಂಚೆಪೆಟ್ಟಿಗೆ ಸೇರಲೇ ಇಲ್ಲ. ದಾರಿಯಲ್ಲೇ ಎಲ್ಲೋ ಬಿತ್ತು. ಕಾಲೇಜಿನ ವಿದ್ಯಾರ್ಥಿಯೊಬ್ಬನ ಕೈಗೆ ಸಿಕ್ಕಿತು. ಅಂಚೆ ಕಾರ್ಡಿಗೆ ಲಕೋಟೆ ಇರುವುದಿಲ್ಲವಲ್ಲ! ಸ್ವಲ್ಪ ಹೊತ್ತಿನಲ್ಲೇ ಅದರ ಪ್ರತಿಗಳು ವಿದ್ಯಾರ್ಥಿ ನಿಲಯಗಳಲ್ಲೆಲ್ಲ ಹರಿದಾಡಿದವು. ವಿದ್ಯಾರ್ಥಿಗಳು ಸಭೆ ಸೇರಿದರು. ಸ್ವಯಂಸೇವಕರನ್ನೆಲ್ಲ ದೇಶದಿಂದ ಕಳುಹಿಸಬೇಕೆಂದು ಒತ್ತಾಯಿಸಿದರು. ನಿನ್ನೆಯವರೆಗೆ ಜೊತೆಯಲ್ಲಿ ಕುಳಿತು ಉಣ್ಣುತ್ತಿದ್ದವರು ಭೋಜನಶಾಲೆಯಲ್ಲಿ ಮುಖ ತಿರುಗಿಸಿದರು. ಇವರು ಗೂಢಚಾರರೆಂಬ ಹಳೆಯ ಅನುಮಾನ ಮತ್ತೆ ಎದ್ದಿತು. ಸುದ್ದಿ ಅಮೆರಿಕದ ಪತ್ರಿಕೆಗಳಿಗೂ ತಲುಪಿತು. ಹುಟ್ಟಿ ಏಳು ತಿಂಗಳಾಗಿದ್ದ ಸಂಸ್ಥೆಯೇ ಒಂದು ಕಾರ್ಡಿನಿಂದಾಗಿ ಅಲ್ಲಾಡಿತು.

ತರುಣಿ ವಿದ್ಯಾರ್ಥಿಗಳ ಕ್ಷಮೆ ಕೇಳಿ ಪತ್ರ ಬರೆದಳು. ತನ್ನ ಜಾಗ ಬಿಟ್ಟು ಸ್ವದೇಶಕ್ಕೆ ಮರಳಿದಳು. ಅವಳನ್ನು ಯಾರೂ ಬೀದಿಗೆ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಸ್ವತಃ ಕೆನಡಿ ಅವಳಿಗೆ ಧೈರ್ಯ ಹೇಳಿ ಬರೆದರು. ಮುಂದೆ ಅವಳು ವಾಷಿಂಗ್ಟನ್ನಿನ ಪೀಸ್ ಕೋರ್ ಕಚೇರಿಯಲ್ಲೇ ಕೆಲಸ ಮಾಡಿದಳು. ಇಬಾದಾನ್‌ನಲ್ಲಿ ಉಳಿದವರು ಊರು ಬಿಟ್ಟು ಓಡಲಿಲ್ಲ. ಅವಮಾನ ಸಹಿಸಿಕೊಂಡು ಅಲ್ಲೇ ಇದ್ದರು. ಕೆಲವು ದಿನಗಳಾದ ಮೇಲೆ ನೈಜೀರಿಯಾದ ವಿದ್ಯಾರ್ಥಿಗಳು ಮಾತುಕತೆಗೆ ಒಪ್ಪಿದರು. ಮಾತು ಶುರುವಾದ ಮೇಲೆ ಸಿಟ್ಟು ಇಳಿಯಿತು. ಮುಂದಿನ ವರ್ಷಗಳಲ್ಲಿ ನೈಜೀರಿಯಾಕ್ಕೆ ಬಂದ ಸ್ವಯಂಸೇವಕರ ಸಂಖ್ಯೆ ಹೆಚ್ಚುತ್ತಲೇ ಹೋಯಿತು.

ಕಂಡದ್ದು ಸುಳ್ಳೇ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ತರುಣಿ ಬರೆದದ್ದು ಸುಳ್ಳೇ? ಬೀದಿಯಲ್ಲಿ ಅಡುಗೆ, ಬೀದಿಯಲ್ಲಿ ವ್ಯಾಪಾರ ಅವಳ ಕಣ್ಣಿಗೆ ಬಿದ್ದದ್ದು ನಿಜವೇ. ತಪ್ಪಾದದ್ದು ಎಲ್ಲಿ?

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡಲು ಕಲಿಯುತ್ತಾರೆ. ಒಂದು ವೀಕ್ಷಣೆ, ಇನ್ನೊಂದು ತೀರ್ಮಾನ. 'ದ್ರಾವಣ ನೀಲಿಯಾಯಿತು' ಎಂಬುದು ವೀಕ್ಷಣೆ. 'ಇದರಲ್ಲಿ ತಾಮ್ರವಿದೆ' ಎಂಬುದು ತೀರ್ಮಾನ. ನೀಲಿ ಬಣ್ಣಕ್ಕೆ ಬೇರೆ ಕಾರಣಗಳೂ ಇರಬಹುದು, ಪರೀಕ್ಷೆ ಮಾಡದೆ ಹೇಳಬಾರದು. 'ಜನ ಹೊರಗೆ ಅಡುಗೆ ಮಾಡುತ್ತಾರೆ' ಎಂಬುದು ವೀಕ್ಷಣೆ. 'ಇವರು ಹಿಂದುಳಿದವರು' ಎಂಬುದು ತೀರ್ಮಾನ, ಅದೂ ಪರೀಕ್ಷೆ ಮಾಡದ ತೀರ್ಮಾನ.

ಪರೀಕ್ಷೆ ಮಾಡಿದ್ದರೆ ಏನು ತಿಳಿಯುತ್ತಿತ್ತು? ಇಬಾದಾನ್ ಸಮಭಾಜಕ ವೃತ್ತಕ್ಕೆ ಹತ್ತಿರದ ಊರು. ಸೆಕೆ ಹೆಚ್ಚು, ಗಾಳಿಯಲ್ಲಿ ತೇವ ಹೆಚ್ಚು. ನಮ್ಮ ದೇಹ ತಂಪಾಗುವುದು ಬೆವರು ಆರಿದಾಗ. ತೇವ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ತಗಡಿನ ಸೂರಿನ ಸಣ್ಣ ಕೋಣೆಯೊಳಗೆ ಸೌದೆ ಒಲೆ ಹೊತ್ತಿಸಿದರೆ ಹೊಗೆ ಬೇರೆ. ಹಾಗಾಗಿ ಗಾಳಿಯಾಡುವ ಹೊರ ಅಂಗಳದಲ್ಲಿ ಅಡುಗೆ ಮಾಡುವುದು ಬುದ್ಧಿವಂತಿಕೆ. ನಮ್ಮ ಕರಾವಳಿಯವರು ಸಂಜೆ ಜಗಲಿಯ ಮೇಲೆ ಕೂರುವುದೂ ಗಾಳಿಗಾಗಿಯೇ. ಬಡತನ ಅಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಕಂಡದ್ದೆಲ್ಲ ಬಡತನವಲ್ಲ.

ಅದೇ ಇಬಾದಾನ್‌ನ ಇನ್ನೊಂದು ಮುಖ ನೋಡಿ. ಅಲ್ಲಿನ ಯೂನಿವರ್ಸಿಟಿ ಕಾಲೇಜು ಆರಂಭವಾದದ್ದು 1948ರಲ್ಲಿ. ಜಗತ್ತಿಗೆಲ್ಲ ಗೊತ್ತಿರುವ ಕಾದಂಬರಿಕಾರ ಚಿನುವಾ ಅಚೀಬೆ, 1986ರಲ್ಲಿ ನೊಬೆಲ್ ಪಡೆದ ವೋಲೆ ಸೋಯಿಂಕಾ ಇಬ್ಬರೂ ಅಲ್ಲಿ ಓದಿದವರು. 1959ರ ಅಕ್ಟೋಬರ್‌ನಲ್ಲಿ ಆ ನಗರದಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾಗಿತ್ತು. ಭಾರತದಲ್ಲಿ ದೆಹಲಿಯ ಪ್ರಾಯೋಗಿಕ ಪ್ರಸಾರ ಶುರುವಾದದ್ದು ಅದಕ್ಕಿಂತ ಒಂದು ತಿಂಗಳು ಮುಂಚೆ ಅಷ್ಟೆ. ಕಾರ್ಡು ಸಿಕ್ಕಿದ್ದು ಹೊಸ ದೇಶ ಕಟ್ಟುವ ಉತ್ಸಾಹದಲ್ಲಿದ್ದ, ಚೆನ್ನಾಗಿ ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳ ಕೈಗೆ. ನೈಜೀರಿಯಾ ಆಗತಾನೆ ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವ ಆಚರಿಸಿತ್ತು. ಅವರಿಗೆ ನೋವಾದದ್ದು ಸಹಜ.

ಕಾರ್ಡು ಬರೆದವಳ ಕಡೆಯಿಂದಲೂ ನೋಡಬೇಕು. ಅವಳು ದ್ವೇಷದಿಂದ ಬರೆದವಳಲ್ಲ. ಗಾಬರಿಯಿಂದ ಬರೆದವಳು. ಆ ಗಾಬರಿಗೆ ಒಂದು ಹೆಸರಿದೆ.

ಮನಸ್ಸಿನ ಏರಿಳಿತ

'ಕಲ್ಚರ್ ಷಾಕ್' ಅಥವಾ ಸಂಸ್ಕೃತಿಯ ಆಘಾತ ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಇದನ್ನು ವಿವರಿಸಿದರು. ನಾವು ನಮ್ಮ ಊರಿನಲ್ಲಿ ನೂರಾರು ಸಣ್ಣ ಗುರುತುಗಳನ್ನು ಹಿಡಿದು ನಡೆಯುತ್ತೇವೆ. ಯಾವಾಗ ನಗಬೇಕು, ಯಾರಿಗೆ ಬಹುವಚನ, ಎಷ್ಟು ಹತ್ತಿರ ನಿಲ್ಲಬೇಕು, ಊಟಕ್ಕೆ ಕರೆದರೆ ಮೊದಲ ಸಲಕ್ಕೇ ಒಪ್ಪಬೇಕೇ ಬೇಡವೇ! ಇವೆಲ್ಲ ಯೋಚಿಸದೆ ಆಗುವ ಕೆಲಸಗಳು. ಹೊಸ ನಾಡಿನಲ್ಲಿ ಈ ಗುರುತುಗಳು ಒಮ್ಮೆಲೇ ಮಾಯವಾಗುತ್ತವೆ. ಪ್ರತಿಯೊಂದಕ್ಕೂ ಯೋಚಿಸಬೇಕಾಗುತ್ತದೆ. ಮನಸ್ಸು ದಣಿಯುತ್ತದೆ. ದಣಿದ ಮನಸ್ಸಿಗೆ ಆ ಊರಿನದೆಲ್ಲ ಕೆಟ್ಟದಾಗಿ, ತನ್ನ ಊರಿನದೆಲ್ಲ ಒಳ್ಳೆಯದಾಗಿ ಕಾಣುತ್ತದೆ.

ಓಬರ್ಗ್ ಇದರಲ್ಲಿ ಹಂತಗಳನ್ನು ಗುರುತಿಸಿದರು. ಮೊದಲು ಎಲ್ಲವೂ ಚೆಂದವಾಗಿ ಕಾಣುವ ಸಂಭ್ರಮ. ಆಮೇಲೆ ಸಿಡಿಮಿಡಿ. ನಂತರ ಚೇತರಿಕೆ. ಕೊನೆಗೆ ಹೊಂದಾಣಿಕೆ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿಬಂದ 200 ಮಂದಿ ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ವರದಿ ಮಾಡಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಒಂದೂವರೆ ವರ್ಷಕ್ಕಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನ ಅವಧಿಯವರೇ ಹೆಚ್ಚು ಕಷ್ಟಪಟ್ಟಿದ್ದರು. ನಕ್ಷೆ ಬರೆದರೆ ಅದು ಇಂಗ್ಲಿಷಿನ 'ಯು' ಅಕ್ಷರದಂತೆ ಕಾಣುತ್ತದೆ. ಎಲ್ಲರಿಗೂ ಹೀಗೇ ಆಗುವುದಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆ. ಹಲವರಿಗೆ ಮೊದಲ ವಾರಗಳೇ ಅತಿ ಕಷ್ಟದವು.

ಅದಕ್ಕೆ ದೇಹದ ಪಾಲೂ ಇದೆ. ಮಿದುಳಿನಲ್ಲಿ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ನಿದ್ದೆ, ಹಸಿವು, ದೇಹದ ಉಷ್ಣತೆಯ ವೇಳೆಯನ್ನು ನಿರ್ಧರಿಸುತ್ತದೆ. ವಿಮಾನ ಹಾರಿದಷ್ಟು ವೇಗವಾಗಿ ಅದು ಬದಲಾಗಲಾರದು. ಹೆಚ್ಚುಕಡಿಮೆ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕು. ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಹೋಗುವಾಗ ತೊಂದರೆ ಹೆಚ್ಚು. ನಿದ್ದೆಗೆಟ್ಟ ಮೊದಲ ವಾರದಲ್ಲಿ ಊರಿನ ಬಗ್ಗೆ ತೀರ್ಪು ಕೊಡದಿರುವುದು ಆದ್ದರಿಂದಲೂ ಕ್ಷೇಮ.

ವಿಖ್ರೋಲಿಗೆ ಬಂದ ಅಜ್ಜಿ

ಹೋಗುವವರು ಮಾತ್ರವಲ್ಲ, ನಾವೂ ಅತಿಥೇಯರಾಗಿದ್ದೇವೆ. ಪೀಸ್ ಕೋರ್‌ನ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದರು. ಅವರಲ್ಲಿ ಎಲ್ಲರೂ ತರುಣರಲ್ಲ. 1966ರಲ್ಲಿ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರಿನ ಲಿಲಿಯನ್ ಕಾರ್ಟರ್ ಎಂಬ ದಾದಿ ಅರ್ಜಿ ಹಾಕಿದರು. ಸೇವೆಗೆ ವಯಸ್ಸಿನ ಅಡ್ಡಿಯಿಲ್ಲ ಎಂಬ ಜಾಹೀರಾತು ನೋಡಿ ಮನಸ್ಸು ಮಾಡಿದ ಅವರಿಗೆ ಆಗ ಸುಮಾರು 68 ವರ್ಷ. ಗಂಡ ತೀರಿಕೊಂಡಿದ್ದರು, ಮಕ್ಕಳು ದೊಡ್ಡವರಾಗಿದ್ದರು. ಮರಾಠಿ ಕಲಿತು ಮುಂಬಯಿಯ ವಿಖ್ರೋಲಿಗೆ ಬಂದರು. ಗೋದ್ರೆಜ್ ಕಾರ್ಖಾನೆಯ ಕಾರ್ಮಿಕರ ಕಾಲೊನಿಯಲ್ಲಿ ಅವರ ವಾಸ.

ವಹಿಸಿದ ಕೆಲಸ ಕುಟುಂಬ ಯೋಜನೆಯದು. ಜೊತೆಗೆ ದವಾಖಾನೆಯಲ್ಲಿ ರೋಗಿಗಳ ಶುಶ್ರೂಷೆಯನ್ನೂ ಮಾಡಿದರು. ಅವರು ಮನೆಗೆ ಬರೆದ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದವು. ಮನೆಯ ನೆನಪು, ಬಡತನ ಕಂಡ ತಳಮಳ, ರೋಗಿಗಳನ್ನು ಮುಟ್ಟಲು ಮೊದಲು ಆದ ಅಳುಕು, ಆಮೇಲೆ ಜನರ ಮೇಲೆ ಬೆಳೆದ ಪ್ರೀತಿ ಎಲ್ಲವೂ ಆ ಪತ್ರಗಳಲ್ಲಿವೆ. ಇಬಾದಾನ್‌ನ ತರುಣಿಗೆ ಕಂಡಂಥ ದೃಶ್ಯಗಳೇ ಈ ಅಜ್ಜಿಗೂ ಕಂಡವು. ಆದರೆ ಅಜ್ಜಿಗೆ ಇಪ್ಪತ್ತೊಂದು ತಿಂಗಳ ಕಾಲ ಸಿಕ್ಕಿತು. ಮೊದಲ ತಿಂಗಳ ಅಭಿಪ್ರಾಯವನ್ನು ಕೊನೆಯ ತಿಂಗಳು ತಿದ್ದಿಕೊಳ್ಳುವ ಅವಕಾಶ ಸಿಕ್ಕಿತು. ತರುಣಿಗೆ ಆ ಕಾಲ ಸಿಗಲಿಲ್ಲ.

ಈ ಅಜ್ಜಿಯ ಮಗ ಜಿಮ್ಮಿ ಕಾರ್ಟರ್ 1977ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾದರು. ಮುಂದಿನ ತಿಂಗಳೇ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ಬಂದವರು ಇದೇ ಲಿಲಿಯನ್. ಬಂದವರು ವಿಖ್ರೋಲಿಗೂ ಹೋಗಿ ಹಳೆಯ ಪರಿಚಿತರನ್ನು ಕಂಡರು.

ಮೈಸೂರು ರಾಜ್ಯಕ್ಕೂ 1960ರ ದಶಕದಲ್ಲಿ ಈ ಸ್ವಯಂಸೇವಕರು ಬಂದಿದ್ದರು. ಕನ್ನಡದ ತರಬೇತಿ ಪಡೆದು ಬಂದವರಿಗೂ ಇಲ್ಲಿ ಪರೀಕ್ಷೆ ಕಾದಿರುತ್ತದೆ. ಪುಸ್ತಕದಲ್ಲಿ 'ಹೋಗುತ್ತೇನೆ' ಎಂದು ಕಲಿತವನಿಗೆ ಮೈಸೂರಿನಲ್ಲಿ 'ಹೋಗ್ತೀನಿ', ಧಾರವಾಡದಲ್ಲಿ 'ಹೋಗ್ತೀನ್ರಿ' ಎಂದು ಕೇಳಿಸುತ್ತದೆ. ಎದುರಾದವರೆಲ್ಲ 'ಊಟ ಆಯ್ತಾ?' ಎನ್ನುತ್ತಾರೆ. ಇನ್ನೂ ಆಗಿಲ್ಲ ಎಂದರೆ ಊಟಕ್ಕೆ ಕರೆದಂತೆಯೇ, ಆಗಿದೆ ಎಂದರೆ ಮಾತು ಮುಗಿಯಿತೇ ಎಂದು ಹೊಸಬ ತಬ್ಬಿಬ್ಬಾಗುತ್ತಾನೆ. ಅದು ಪ್ರಶ್ನೆಯಲ್ಲ, ಯೋಗಕ್ಷೇಮದ ಮಾತು ಎಂದು ತಿಳಿಯಲು ಸ್ವಲ್ಪ ದಿನ ಬೇಕು.

ಹೊರಡುವವರಿಗೆ, ಕಳುಹಿಸುವವರಿಗೆ

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲೇ ಆರಂಭವಾಗಿದೆ. ಭಾರತೀಯರಿಗೂ ಅದರಲ್ಲಿ ಅವಕಾಶವಿದೆ. ಇನ್ನು ಓದಿಗೆಂದು ಹೋಗುವವರಂತೂ ಈಗ ಊರೂರಲ್ಲೂ ಇದ್ದಾರೆ. ಹೊರಡುವ ಮುನ್ನ ಪೆಟ್ಟಿಗೆಗೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬುವಷ್ಟೇ ಆಸ್ಥೆಯಿಂದ ಇನ್ನು ಕೆಲವನ್ನೂ ತುಂಬಬೇಕು.

ಮೊದಲನೆಯದು ಆರೋಗ್ಯದ ಸಿದ್ಧತೆ. ಉದಾಹರಣೆಗೆ, ಘಾನಾದಂಥ ದೇಶಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಬೇಕು. ಭಾರತಕ್ಕೆ ಮರಳುವಾಗಲೂ ಅದರ ಪ್ರಮಾಣಪತ್ರ ಕೇಳುತ್ತಾರೆ. 2016ರಿಂದ ಆ ಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ. ಮಲೇರಿಯಾ ಇರುವ ನಾಡಾದರೆ ಮುಂಚಿತವಾಗಿ ವೈದ್ಯರನ್ನು ಕಾಣಬೇಕು.

ಎರಡನೆಯದು ಭಾಷೆ. ಪೂರ್ತಿ ಬರಬೇಕೆಂದಿಲ್ಲ. ವಂದನೆ, ಧನ್ಯವಾದ, ಕ್ಷಮಿಸಿ, ಇಷ್ಟು ಮಾತು ಆ ನಾಡಿನ ನುಡಿಯಲ್ಲಿ ಬಾಯಿಗೆ ಬಂದರೂ ಸಾಕು. ಆಕ್ರಾದಲ್ಲಿ ಇಳಿದವರಿಗೆ ಟ್ವಿ ಪೂರ್ತಿ ಬರುತ್ತಿರಲಿಲ್ಲ. ಒಂದು ಹಾಡು ಬರುತ್ತಿತ್ತು.

ಮೂರನೆಯದು ಕಾಲ. ಮೊದಲ ಒಂದೆರಡು ತಿಂಗಳು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಅನ್ನಿಸಿದ್ದು. ಆರು ತಿಂಗಳ ನಂತರ ತೆಗೆದು ಓದಿದರೆ ಮೊದಲನೆಯ ಪಟ್ಟಿ ಹಾಗೇ ಇರುತ್ತದೆ, ಎರಡನೆಯದರಲ್ಲಿ ಎಷ್ಟೋ ತಿದ್ದಬೇಕಾಗುತ್ತದೆ.

ಇಂದು ಅಂಚೆ ಕಾರ್ಡಿನ ಜಾಗದಲ್ಲಿ ಮೊಬೈಲ್ ಇದೆ. 1961ರ ಕಾರ್ಡು ಬಿದ್ದದ್ದು ಒಂದು ಕಾಲೇಜಿನ ಆವರಣದಲ್ಲಿ. ಇಂದಿನ ಒಂದು ಚಿತ್ರ, ಎರಡು ಸಾಲು ಜಗತ್ತಿನ ಎಲ್ಲ ಕಡೆಯೂ ಬೀಳುತ್ತದೆ. ಮನೆಯಲ್ಲಿ ಉಳಿಸಿಕೊಂಡವರ ಅಡುಗೆಮನೆಯನ್ನು, ಅವರ ಮಕ್ಕಳ ಮುಖವನ್ನು ಅವರನ್ನು ಕೇಳದೆ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದನ್ನು ಅವರ ಎದುರು ನಿಂತು ಓದಿ ಹೇಳಬಲ್ಲೆನೇ?

ಹೆತ್ತವರಿಗೂ ಒಂದು ಮಾತು. ಮೊದಲ ತಿಂಗಳಲ್ಲಿ ಮಗನೋ ಮಗಳೋ ಫೋನಿನಲ್ಲಿ ಅತ್ತರೆ 'ಬಂದುಬಿಡು' ಎನ್ನಲು ಅವಸರ ಬೇಡ. 'ಅದೇನು ಮಹಾ' ಎಂದು ಗದರುವುದೂ ಬೇಡ. ಇದು ಬಹಳ ಮಂದಿಗೆ ಆಗುವಂಥದು, ಹೆಚ್ಚಿನವರಿಗೆ ಕಡಿಮೆಯೂ ಆಗುತ್ತದೆ ಎಂದು ಹೇಳಿ ಕೇಳಿಸಿಕೊಳ್ಳಿ. ನಿದ್ದೆ ಇಲ್ಲದೆ, ಊಟ ಸೇರದೆ ವಾರಗಟ್ಟಲೆ ಮುಂದುವರಿದರೆ ಮಾತ್ರ ಅಲ್ಲಿನ ಸಲಹೆಗಾರರನ್ನೋ ವೈದ್ಯರನ್ನೋ ಕಾಣಲು ತಿಳಿಸಿ.

ಇದನ್ನು ಕಲಿಯಲು ವಿಮಾನವನ್ನೇ ಏರಬೇಕಾಗಿಲ್ಲ. 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಏಳು ದಿನ ಹಳ್ಳಿಯೊಂದರಲ್ಲಿ ಶಿಬಿರ ಮಾಡುತ್ತಾರೆ. ಪಟ್ಟಣದ ಹುಡುಗರಿಗೆ ಆ ಹಳ್ಳಿಯೂ ಹೊಸ ನಾಡೇ. ಚರಂಡಿ ತೆಗೆಯುವ ಮುನ್ನ, ಗಿಡ ನೆಡುವ ಮುನ್ನ ಮೊದಲ ಸಂಜೆ ಅರಳಿಕಟ್ಟೆಯ ಮೇಲೆ ಕುಳಿತವರ ಹತ್ತಿರ ಹೋಗಿ, ನಮಸ್ಕಾರ ಹೇಳಿ, ಈ ಊರಿನ ಹಾಡು ಯಾವುದು ಎಂದು ಕೇಳಿದರೆ ಕಲಿಸಲು ಯಾರಾದರೂ ಮುಂದೆ ಬಂದೇ ಬರುತ್ತಾರೆ.